ಸಿಂಗಾಪುರದ ಲೆಕ್ಕ, ಕುಂತೂರಿನ ಕೂಸು

ಮಾದಪ್ಪ ಸುತ್ತೂರು ಮಠದಲ್ಲಿ ಖಂಡುಗಗಟ್ಟಲೆ ರಾಗಿ ಬೀಸಿ, ಆಮೇಲೆ ನಮ್ಮ ಕುಂತೂರು ಮಠಕ್ಕೆ ಬಂದನೆಂದು ಕಂಸಾಳೆಯವರು ಹಾಡುತ್ತಾರೆ. ಒಕ್ಕಲಿನವರು ತಪ್ಪು ತಿಳಿಯಬಾರದು. ನಡುವೆ ಸಿಲೆಬಸ್ಸು ಬದಲಾಯಿಸಿದ್ದರಲ್ಲಿ ನಮ್ಮ ಸೀಮೆಗೆ ಇದೇ ಮೊದಲನೆಯದು ಎಂದು ನನ್ನ ಎಣಿಕೆ. ಎರಡನೆಯದು 1956ರದು. ಅಲ್ಲಿಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಒಂದು ಎಮ್ಮೆಯೂ ಕೊಟ್ಟಿಗೆ ಬಿಟ್ಟು ಕದಲದೆ ಇಡೀ ತಾಲ್ಲೂಕು ಮೈಸೂರಿಗೆ ಬಂದುಬಿಟ್ಟಿತು. ಮೂರನೆಯದು ನನ್ನ ತಂಗಿಯ ಮಗಳ ಮನೆಯದು. ಅದಿನ್ನೂ ಇತ್ಯರ್ಥವಾಗಿಲ್ಲ.

ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಿಂದ ಲ್ಯಾಪ್‌ಟಾಪು ಎತ್ತಿಕೊಂಡು ಊರಿಗೆ ಬಂದಿದ್ದಾರೆ. ಏಳು ವರ್ಷದ ಕೂಸಿಗೆ ಮನೆಯಲ್ಲೇ ಪಾಠ ಅಂತ ತೀರ್ಮಾನ. ಜಗಲಿ ಕಟ್ಟೆಯವರು ಮೊದಲು ಕೇಳಿದ್ದು, "ಅದೇನವ್ವ, ಇಸ್ಕೂಲ್ನೋರು ಬ್ಯಾಡ ಅಂದ್ರಾ?" 2009ರ ಶಿಕ್ಷಣ ಹಕ್ಕು ಕಾಯ್ದೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯವರು ಮೂರು, ಐದು, ಎಂಟನೇ ತರಗತಿಗೆ ಸಮನಾಗಿ ಇಟ್ಟಿರುವ ಹಂತಗಳು, ಎಲ್ಲವನ್ನೂ ಅವಳು ಬಿಡಿಸಿ ಹೇಳಿದಳು. ಕಟ್ಟೆಯವರು ತಲೆಯಾಡಿಸಿ, "ಪಾಪ, ಫೀಜು ಜಾಸ್ತಿಯಾಗಿರಬೇಕು" ಎಂದು ತಮ್ಮೊಳಗೇ ಬಗೆಹರಿಸಿಕೊಂಡರು.

ಕನ್ನಡ, ಇಂಗ್ಲಿಷು, ಪರಿಸರ ಯಾವುದೂ ತಕರಾರಾಗಲಿಲ್ಲ. ಗಾಡಿ ಹೂತದ್ದು ಗಣಿತದಲ್ಲಿ. "ಮಾವ, ಪುಸ್ತಕ ಯಾವುದು ತರಿಸ್ಲಿ?" ಎಂದು ದಿನಬೆಳಗಾದರೆ ನನ್ನ ಮುಂದೆ ಫೋನು ಹಿಡಿಯುತ್ತಾಳೆ. ನಾನು ಲೆಕ್ಕದಲ್ಲಿ ಗಟ್ಟಿಗನೆಂಬ ಕೀರ್ತಿ ಊರಲ್ಲಿದೆ; ಹಬ್ಬದ ಚೀಟಿ ನಡೆಸಿದ್ದರಿಂದ ಬಂದದ್ದು.

ಮೊದಲ ಉಮೇದುವಾರ ಸಿಂಗಾಪುರ. ಅಲ್ಲಿಯ ಕ್ರಮದಲ್ಲಿ ಮಗು ಮೊದಲು ವಸ್ತು ಮುಟ್ಟಬೇಕು, ಆಮೇಲೆ ಚಿತ್ರ ಬರೆಯಬೇಕು, ಕೊನೆಗೆ ಅಂಕಿ. ಜೆರೋಮ್ ಬ್ರೂನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ವಿಚಾರ ಹಿಡಿದು 1980ರ ದಶಕದಲ್ಲಿ ಕಟ್ಟಿದ್ದು. ಒಳ್ಳೆಯದೇ. ಮುಟ್ಟುವುದಕ್ಕೆ ಹುಣಸೆಬೀಜ ಸಾಲದೆ ಬಣ್ಣದ ಘನಗಳ ಪೆಟ್ಟಿಗೆಯನ್ನೂ ಕೊಳ್ಳಬೇಕೆಂಬುದೊಂದೇ ತೊಡಕು. ಎರಡನೆಯದು ಸ್ಯಾಕ್ಸನ್. ಜಾನ್ ಸ್ಯಾಕ್ಸನ್ ಅಮೆರಿಕದ ವಾಯುಪಡೆಯಿಂದ ನಿವೃತ್ತನಾಗಿ ಮೇಷ್ಟರಾದವನು. ದಿನಕ್ಕೆ ವಸಿ ಹೊಸದು, ಮಿಕ್ಕದ್ದೆಲ್ಲ ಹಳೆಯದರ ಕವಾಯತು. ನನಗೆ ಹಿಡಿಸಿತು, ಕೂಸಿಗೆ ಹಿಡಿಸಲಿಲ್ಲ. ಅಲ್ಲದೆ ಅಲ್ಲಿಯ ದುಡ್ಡಿನ ಲೆಕ್ಕವೆಲ್ಲ ಸೆಂಟು, ಡೈಮು, ಕ್ವಾರ್ಟರಿನಲ್ಲಿ. ನಮ್ಮ ನಾಲ್ಕಾಣೆಯೇ 2011ರಲ್ಲಿ ಚಲಾವಣೆ ಬಿಟ್ಟಿತು. ಅದನ್ನೇ ಕಾಣದ ಕೂಸು ಅವರ ಕಾಲು ಡಾಲರನ್ನು ಎಲ್ಲಿಂದ ನಂಬೀತು?

"ನಲಿ-ಕಲಿ ಇದೆಯಲ್ಲವ್ವ" ಎಂದೆ. ರಿಷಿ ವ್ಯಾಲಿಯವರ ಪದ್ಧತಿ ನೋಡಿ ಬಂದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುಮಾಡಿದ್ದು. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ, ಹಾಗಾಗಿ ಆಗ ಅದೂ ನಾವೂ ಒಂದೇ ಜಿಲ್ಲೆ. ಕಾರ್ಡು, ಕಲಿಕೆಯ ಏಣಿ, ಮಗು ತನ್ನ ವೇಗದಲ್ಲಿ ಹತ್ತುವುದು. ದುಡ್ಡು ಕೊಟ್ಟು ತರಿಸುವ ಪೆಟ್ಟಿಗೆಗಳ ಮೇಲೆ ಏನು ಬರೆದಿರುತ್ತಾರೋ ಅದೆಲ್ಲ ಸರ್ಕಾರಿ ಶಾಲೆಯ ನೆಲದ ಮೇಲೆ ಆಗಲೇ ಇತ್ತು. ಪಠ್ಯಪುಸ್ತಕ ಸಂಘದವರು ಪುಸ್ತಕಗಳನ್ನು ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿದ್ದಾರೆ. ಆ ಬಿಟ್ಟಿಯೇ ಮುಳುವಾಯಿತು. ಸಾವಿರಗಟ್ಟಲೆ ಸುರಿಯದೆ ಮಗಳಿಗೆ ಗಣಿತ ಹತ್ತುವುದುಂಟೇ ಎಂದು ಅವಳ ಅನುಮಾನ.

ನನ್ನ ತಕರಾರು ಬೇರೆ, ಅದು ಎಲ್ಲ ಪುಸ್ತಕಗಳ ಮೇಲೂ ಇದೆ. ಸಿಂಗಾಪುರವಾಗಲಿ ಬೆಂಗಳೂರಾಗಲಿ, ಭಿನ್ನರಾಶಿಯನ್ನು ಹಿಂದಕ್ಕೆ ತಳ್ಳಿ ಕೂರಿಸಿರುತ್ತಾರೆ. ಮೊದಲು ನೂರರವರೆಗೆ, ಆಮೇಲೆ ಸಾವಿರ, ಅದೂ ಆಗಿ ಉಸಿರು ಬಿಟ್ಟ ಮೇಲೆ ಕಾಲು ಅರ್ಧ. ಹಿಂದಿನ ಮಗ್ಗಿ ಪುಸ್ತಕದಲ್ಲಿ ಕಾಲು, ಅರೆ, ಮುಕ್ಕಾಲಿಗೂ ಮಗ್ಗಿ ಇರುತ್ತಿತ್ತು. ಐಗಳು ಬೆತ್ತ ಹಿಡಿದು ಒಪ್ಪಿಸಿಕೊಳ್ಳುತ್ತಿದ್ದರು. ಬೆತ್ತ ಹೋದದ್ದು ಒಳ್ಳೆಯದಾಯಿತು. ಕಾಲುಮಗ್ಗಿಯೂ ಅದರ ಜೊತೆಗೇ ಯಾಕೆ ಹೋಗಬೇಕಿತ್ತು? ಮನೆಯ ಕಬ್ಬಿನ ತಾಕು ಒಂದೂಮುಕ್ಕಾಲು ಎಕರೆ, ಅಂದರೆ ಎಪ್ಪತ್ತು ಗುಂಟೆ. ಗುಂಟೆಗೆ ಹದಿನಾರು ಆಣೆ. ಅಣ್ಣತಮ್ಮಂದಿರು ಭಾಗಕ್ಕೆ ಕೂತಾಗ ಹದಿನಾರನೇ ಒಂದರ ಮೇಲೆ ಎಂಥ ಜಗಳ ನಡೆಯುತ್ತದೆಂದು ಆ ಕೂಸು ಕಣ್ಣಾರೆ ಕಂಡಿದೆ. ಅಡುಗೆಮನೆಯಲ್ಲಿ ನನ್ನ ತಂಗಿ, "ಮೊಗ, ಅರೆಪಾವು ಇಟ್ಟು ತಗ, ಗೀರಿ ತಗ" ಎನ್ನುತ್ತಾಳೆ. ಕೂಸು ಪಾವಿನೊಳಗೆ ರಾಗಿಹಿಟ್ಟು ಹಾಕಿ, ಬೆರಳಲ್ಲಿ ಗೀರಿ, ಅರ್ಧಕ್ಕೆ ನಿಲ್ಲಿಸಿ, ಕಣ್ಣು ಮಟ್ಟಕ್ಕೆ ತಂದು ನೋಡುತ್ತದೆ. ನಾಲ್ಕು ಪಾವು ಸೇರು, ಅರೆಪಾವು ಎಂಟನೇ ಒಂದು. ಅವರವ್ವ ಪಕ್ಕದ ಕೋಣೆಯಲ್ಲಿ ಭಿನ್ನರಾಶಿಯನ್ನು ಯಾವ ವಯಸ್ಸಿಗೆ ಪರಿಚಯಿಸಬೇಕೆಂದು ಇಂಗ್ಲೆಂಡಿನವರ ವಿಡಿಯೋ ನೋಡುತ್ತಿರುತ್ತಾಳೆ.

ದೊಡ್ಡ ಸಂಖ್ಯೆಯ ಪಾಠ ಆದದ್ದು ಪಕ್ಕದ ಹುಳದ ಮನೆಯಲ್ಲಿ. "ಈ ಸಲ ಎಷ್ಟು ಮೊಟ್ಟೆ?" ಎಂದು ಯಾರೋ ಕೇಳಿದರು, "ನೂರು" ಎಂದರು ಯಜಮಾನರು. ಕೂಸು ಒಳಗೆ ಹೋಗಿ ನೋಡಿ ಬಂದು ನನ್ನ ಕಿವಿಯಲ್ಲಿ ಕೇಳಿತು: "ತಾತ, ಇವ್ರಿಗೆ ನೂರರ ಮೇಲೆ ಎಣಿಸಕ್ಕೆ ಬರಲ್ವಾ?" ರೇಷ್ಮೆಯವರ ಲೆಕ್ಕದಲ್ಲಿ ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ ಸೇರಿ ಒಂದು, ಅದರೊಳಗೆ ನಾನೂರು ಐನೂರು ಇರುತ್ತವೆ. ನಾನೂರೇ ಹಿಡಿದರೂ ನಲವತ್ತು ಸಾವಿರ ಬಾಯಿ. ಅವು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳುತ್ತ ಕೂಸು ನೆಲದ ಮೇಲೆ ಸೊನ್ನೆ ಸುತ್ತಿದ್ದೇ ಸುತ್ತಿದ್ದು.

ಸೊನ್ನೆ ಎಂದಾಗ ಮಹಾವೀರಾಚಾರ್ಯ ನೆನಪಾಗುತ್ತಾನೆ. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ಬರೆದವನು. ಅಡುಗೆ, ಸಂಗೀತ, ನಾಟಕ, ವೈದ್ಯ, ಕಾಮಶಾಸ್ತ್ರ ಎಲ್ಲದಕ್ಕೂ ಗಣಿತ ಬೇಕೆಂದು ಆಗಲೇ ಪಟ್ಟಿ ಕೊಟ್ಟಿದ್ದಾನೆ. ಮೂರು ಶತಮಾನದ ಮೇಲೆ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಸಿಂಗಾಪುರಕ್ಕೆ ಹೋಗುವ ಮುಂಚೆ ಇವರನ್ನೂ ವಸಿ ನೋಡು ಎಂದೆ. ಅವಳು ನೋಡಿದಳು, ಹುಳುಕನ್ನೂ ಹಿಡಿದಳು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದಿದ್ದಾನೆ ಮಹಾವೀರ. "ಇದು ತಪ್ಪಲ್ವಾ ಮಾವ? ಮಗೂಗೆ ಇದನ್ನ ಹೇಗೆ ಕಲಿಸ್ಲಿ?"

ಕಲಿಸುವುದೇನೂ ಬೇಕಾಗಲಿಲ್ಲ. ತಟ್ಟೆಯಲ್ಲಿ ಆರು ಚಕ್ಕುಲಿ ಇಟ್ಟುಕೊಂಡು ಕೂತಿದ್ದ ಕೂಸನ್ನೇ ಕೇಳಿದೆ, ಯಾರಿಗೂ ಪಾಲು ಕೊಡದಿದ್ದರೆ ಎಷ್ಟು?

"ಆರೂ ನಂದೇ" ಎಂದಿತು. ಅಷ್ಟರಲ್ಲಿ ಅವರಜ್ಜಿ ಬಂದು ಎರಡು ಎತ್ತಿಕೊಂಡಳು.