‘ಆತು’ ಅನ್ನದ ಯಂತ್ರ

ನನ್ನ ಬಲಗೈ ಹೆಬ್ಬೆರಳು ಸ್ವಲ್ಪ ಅವಸರದ್ದು. ಅದರ ದೆಸೆಯಿಂದ ಕಳೆದ ಶ್ರಾವಣದಲ್ಲಿ ಮುರಗೋಡದ ನಮ್ಮ ಓಣಿಯ ಭಜನಾ ಮೇಳದ 37 ಹಾಡುಗಳು ಒಂದೇ ಏಟಿಗೆ ಕೈಲಾಸ ಸೇರಿದವು.

ಬೆಂಗಳೂರಿನ ಕಂಪನಿಯ ಕೆಲಸವನ್ನು ಊರ ಪಡಸಾಲೆಯಲ್ಲಿ ಕೂತು ಮಾಡುವವನು ನಾನು. ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಕೆಲಸ ತೆಗೆಯುವ ಕಮಾಂಡ್ ಲೈನೇ ನನ್ನ ಅನ್ನ. ಅವತ್ತು ‘ಹಳೇ’ ಎಂದು ಶುರುವಾಗುವ ನಾಲ್ಕಾರು ಫೈಲುಗಳನ್ನಷ್ಟೇ ಅಳಿಸಬೇಕಿತ್ತು. ಆರ್‌ಎಂ ಎಂಬ ಅಳಿಸುವ ಆಜ್ಞೆ ಹೊಡೆದು, ಹಳೇ ಎಂದು ಬರೆದು, ಅದಕ್ಕೆ ಅಂಟಿಸಿದಂತೆ ಒಂದು ನಕ್ಷತ್ರ ಚಿಹ್ನೆ ಇಡಬೇಕು. ನಡುವೆ ಹೆಬ್ಬೆರಳು ಒಂದು ಸ್ಪೇಸ್ ಒತ್ತಿಬಿಟ್ಟಿತು. ಬಿಡಿಯಾಗಿ ನಿಂತ ನಕ್ಷತ್ರಕ್ಕೆ ‘ಇಲ್ಲಿರೋದೆಲ್ಲಾ’ ಎಂದರ್ಥ. ಯಂತ್ರ ಅಲ್ಲೇ ಇದ್ದ ಹಾಡುಗಳನ್ನೆಲ್ಲ ತುಟಿಪಿಟಕ್ಕೆನ್ನದೆ ಅಳಿಸಿ, ‘ಹಳೇ ಅನ್ನುವ ಫೈಲು ಮಾತ್ರ ಕಾಣಲಿಲ್ಲ’ ಎಂದು ದೂರಿತು. ಕಳ್ಳ ಕಣಜ ಬಳಿದುಕೊಂಡು ಹೋಗುವಾಗ, ‘ಅಂಗಳದಾಗ ಕಸಬರಿಗಿ ಕಾಣವಲ್ದಲ್ಲ’ ಎಂದು ಮನೆಯವರನ್ನೇ ಬೈದಂತೆ.

“ಯಾಕೋ, ಮಾರಿ ಹಿಂಗ್ಯಾಕ ಆತು?” ಎಂದಳು ಅವ್ವ.

“ಏನಿಲ್ಲವ್ವಾ, ಒಂದು ಸ್ಪೇಸ್ ಹೆಚ್ಚಾತು.”

“ಅದೇನ್ ಉಪ್ಪೇನು, ಹೆಚ್ಚಾಗಾಕ?”

ನಮ್ಮ ಕಡೆ ಮಾತಿಗೆ ಬರ ಇಲ್ಲ ನೋಡಿ. ಬೈಲಹೊಂಗಲದ ಬಸ್ಸಿನಿಂದ ನಾನಿಳಿದದ್ದನ್ನು ಕಣ್ಣಾರೆ ಕಂಡವರೂ ಕಟ್ಟೆಯಿಂದಲೇ “ಯಾವಾಗ ಬಂದ್ರಿ?” ಅನ್ನುತ್ತಾರೆ. ಉತ್ತರ ಯಾರಿಗೂ ಬೇಕಿಲ್ಲ, ಕಂಡೆವು ಅಂತ ರಸೀದಿ ಹರಿದುಕೊಟ್ಟ ಹಾಗೆ. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಬಂದ ಕೆಲಸ ಆಮೇಲೆ. ಅಂಥ ಊರಲ್ಲಿ ಬೆಳೆದವನನ್ನು ಈ ಪರದೆ ಒಂದು ಡಾಲರ್ ಚಿಹ್ನೆ ಇಟ್ಟು ಬರಮಾಡಿಕೊಳ್ಳುತ್ತದೆ. ಕೂಡ್ರಿ ಅನ್ನುವುದಿಲ್ಲ, ಯಾರು ಅನ್ನುವುದಿಲ್ಲ.

ಈ ಮೌನಕ್ಕೂ ಒಂದು ಕಾರಣವಿದೆ, ಬೈಯುವ ಮುಂಚೆ ಅದನ್ನಿಷ್ಟು ಕೇಳಿಬಿಡಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚೀ ಈ ಪರದೆಯ ಪೂರ್ವಜ ಯುನಿಕ್ಸ್ ಕಟ್ಟಲು ಕೂತಾಗ ಅವರೆದುರು ಇದ್ದದ್ದು ಟೆಲಿಟೈಪು. ಟೈಪ್‌ರೈಟರಿನ ದೊಡ್ಡಪ್ಪ ಅನ್ನಿ. ಸೆಕೆಂಡಿಗೆ 10 ಅಕ್ಷರದಂತೆ ಕಾಗದದ ಮೇಲೆ ಕುಟ್ಟುವ ಯಂತ್ರ. ಅದರ ಕೈಲಿ ಕುಶಲೋಪರಿ ಆಡಿಸಿದರೆ ಹೊತ್ತು ಮುಳುಗುತ್ತಿತ್ತು. ಹಾಗಾಗಿ ಥಾಮ್ಸನ್ ಬರೆದ ‘ಇಡಿ’ ಎಂಬ ಎಡಿಟರು, ನೀವೇನೇ ತಪ್ಪು ಮಾಡಿದರೂ ಒಂದು ಪ್ರಶ್ನಾರ್ಥಕ ಚಿಹ್ನೆ ಒಗೆದು ಸುಮ್ಮನಾಗುತ್ತಿತ್ತು. ಏನು ತಪ್ಪು, ಎಲ್ಲಿ ತಪ್ಪು ಎಂಬುದು ನಿಮ್ಮ ಕರ್ಮ. ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು ತಾರು ಕಳಿಸುತ್ತಿದ್ದ ಕಾಲದ ಜಿಪುಣತನ ಅದು. ಕಾಗದ ಹೋಯಿತು, ಜಿಪುಣತನ ಹೋಗಲಿಲ್ಲ.

ನಮ್ಮ ಕಂಪನಿಯಲ್ಲಿ ‘ಬಳಕೆದಾರನ ಪಯಣ’ ಎಂದು ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ ಸಭೆ ಮಾಡುತ್ತಾರೆ. ನನಗೆ ಆ ವಿದ್ಯೆ ದಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಡಬ್ಬಿ ಇಳಿಸುವ ಮುಂಚೆಯೇ ಗಿರಣಿ ಕಾಕಾ “ನಿಮ್ಮ ಮುಂದ ಮೂರು ಅದಾವ್ರಿ” ಅನ್ನುತ್ತಾರೆ. ಆಮೇಲೆ ಬೆಲ್ಟಿನ ಗದ್ದಲದಲ್ಲಿ ಮಾತು ಕೇಳಿಸದು, ಬೆರಳೆತ್ತಿ ತೋರಿಸುತ್ತಾರೆ: ಎರಡು, ಒಂದು. ನಮ್ಮ ಸರದಿ ಬಂತೋ, ಬಟ್ಟೆಯ ಬಾಯಿಂದ ಬೀಳುವ ಬಿಸಿ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ನಮ್ಮ ಅಂಗೈಗೂ ಒಂದು ಚಿಟಿಕೆ ಹಾಕಿ, “ಇನ್ನೂ ಸಣ್ಣ ಬೇಕೋ, ಹಿಂಗ ನಡಿತೈತೋ?” ಎಂದು ಹುಬ್ಬಿನಲ್ಲೇ ಕೇಳುತ್ತಾರೆ. ಇಡೀ ಡಬ್ಬಿ ಬೀಸಿ ಮುಗಿದ ಮೇಲಲ್ಲ, ಮೊದಲ ಹಿಡಿಯಲ್ಲೇ. ಕೊನೆಗೆ ಬಟ್ಟೆಗೆ ಎರಡೇಟು ಬಡಿದು, ಅಂಟಿದ ಹಿಟ್ಟನ್ನೂ ಉದುರಿಸಿ, “ಆತ್ರಿ.” ಆ ‘ಆತ್ರಿ’ ಕಿವಿಗೆ ಬಿದ್ದಾಗ ಎದೆ ಹಗುರಾಗುತ್ತದಲ್ಲ, ನಮ್ಮ ಸಭೆಗಳಲ್ಲಿ ಹುಡುಕುವುದು ಅದನ್ನೇ. ಶೇಕಡಾ 99ಕ್ಕೆ ಬಂದು ಅರ್ಧ ತಾಸು ನಿಲ್ಲುವ ತಂತ್ರಾಂಶಗಳೂ ಇವೆ. “ಬಂತ್ರಿ, ಯರಗಟ್ಟಿ ಬಿಟ್ಟೈತಿ” ಎಂದು ಯರಗಟ್ಟಿಗೇ ಇನ್ನೂ ಮುಟ್ಟದ ಬಸ್ಸಿನ ಬಗ್ಗೆ ಹೇಳುವವರ ಜಾತಿ.

ಹಾಗಂತ ಮಾತುಮಾತಿಗೂ ‘ಅಳಿಸಲೇ? ಖರೇನ?’ ಎಂದು ಕೇಳಿದರೂ ಕೆಟ್ಟಿತು. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಮೂರು ಸಲ ಕೇಳುತ್ತಾನೆ, ನಾವು ಮೂರು ಸಲವೂ ಒಲ್ಲೆ ಅನ್ನುತ್ತೇವೆ, ಹೋಳಿಗೆ ಎಲೆಗೆ ಬಿದ್ದೇ ಬೀಳುತ್ತದೆ. ಮಾತಿಗೂ ಕೈಗೂ ಸಂಬಂಧವೇ ಇಲ್ಲ. ಪ್ರತಿ ಫೈಲಿಗೂ ಪ್ರಶ್ನೆ ಬಂದರೆ ಬೆರಳು ಕಣ್ಣನ್ನು ಕೇಳದೆಯೇ ಹೂಂ ಒತ್ತುತ್ತದೆ. ಯುನಿಕ್ಸಿನ ಜಾಡಿನ ಲಿನಕ್ಸಿನ ಆರ್‌ಎಂಗೆ ಕ್ಯಾಪಿಟಲ್ ‘ಐ’ ಜೋಡಿಸಿ ಕೊಟ್ಟರೆ, ಮೂರು ಫೈಲಿನ ತನಕ ಇದ್ದರೆ ಸುಮ್ಮನೆ ಅಳಿಸುತ್ತದೆ, ಮೂರು ದಾಟಿದರೆ ಒಂದೇ ಒಂದು ಸಲ ಕೇಳುತ್ತದೆ. ಹಿರಿಯರ ಹದ ಅದು. ಈ ಸಂಗತಿ ನನಗೆ ಹತ್ತು ವರ್ಷದಿಂದ ಗೊತ್ತಿತ್ತು. ಹೆಬ್ಬೆರಳಿಗೆ ಗೊತ್ತಿರಲಿಲ್ಲ.

ನಗಿಸುವ ಆಜ್ಞೆಗಳೂ ಇವೆ. ಡೆಬಿಯನ್, ಉಬುಂಟು ಎಂಬ ಲಿನಕ್ಸುಗಳಲ್ಲಿ ‘ಆಪ್ಟ್ ಮೂ’ ಎಂದು ಹೊಡೆದರೆ ಗೀಟು-ಕಂಸಗಳಿಂದ ಕಟ್ಟಿದ ಹಸುವೊಂದು ಮೂಡಿ, ಇವತ್ತು ಅಂಬಾ ಅಂದಿರಾ ಎಂದು ವಿಚಾರಿಸುತ್ತದೆ. ಅವ್ವನಿಗೆ ತೋರಿಸಿದೆ. “ಕಾರಹುಣ್ಣಿಮಿಗೆ ಕೋಡಿಗೆ ಬಣ್ಣಾ ಹಚ್ಚಾಕರ ಬರ್ತೈತೇನು?” ಎಂದಳು. ಬರುವುದಿಲ್ಲ.

ಪಶ್ಚಾತ್ತಾಪದಲ್ಲಿ ಭಜನೆ ಹಾಡು ಕೂಡಿಡಲು ನಾನೇ ಒಂದು ಪುಟ್ಟ ಕಮಾಂಡು ಬರೆದೆ, ಮುರಗೋಡದ ಮಾತಿನಲ್ಲೇ. ‘ಎಲ್ಲಾ ಹಾಡು ಮುಟ್ಟಿದವು’ ಎಂಬ ಮೊದಲ ಸಂದೇಶವೇ ಕೈಕೊಟ್ಟಿತು. ಈ ಪರದೆ ಅಕ್ಷರಗಳನ್ನು ಒಂದೇ ಅಳತೆಯ ಚೌಕುಳಿಗಳಲ್ಲಿ ಕೂಡಿಸುತ್ತದೆ. ನಮ್ಮ ಒತ್ತಕ್ಷರಗಳಿಗೆ ಅಲ್ಲಿ ಜಾಗ ಸಾಲದು. ಲಾವತ್ತು ಒಂದು ಕಡೆ, ಟಾವತ್ತು ಒಂದು ಕಡೆ, ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ. ಒತ್ತಿಲ್ಲದ ಮಾತು ಹುಡುಕುತ್ತ ಕೂತಾಗ ನೆನಪಾದವರು ಗಿರಣಿ ಕಾಕಾ. ಅವರ ‘ಆತ್ರಿ’ಗೂ ಒತ್ತಿದೆ, ‘ರಿ’ ತೆಗೆದೆ, ಯಂತ್ರ ನನಗಿಂತ ಸಲಿಗೆಯದಾಯಿತು. ಈಗ ಹಾಡು ಸೇರಿದಾಗಲೆಲ್ಲ ಪರದೆ ‘ಆತು’ ಅನ್ನುತ್ತದೆ.

ಮೇಳದವರ ವಾಟ್ಸಾಪಿನಿಂದ 34 ಹಾಡು ವಾಪಸು ಬಂದಿವೆ. ಇನ್ನೂ 3 ಬರಬೇಕು. ನಿಮ್ಮ ಫೋನಿನಾಗ ಮುರಗೋಡದ ಭಜನಿ ಏನರ ಇದ್ದರ, ಅಳಸಬ್ಯಾಡ್ರಿ, ಕಳಸ್ರಿ.