ಲೇಖನಿಗಳ ವಸತಿ ಸಮಸ್ಯೆ

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವುದಕ್ಕಿಂತ ಪೆನ್ನುಗಳಿಗೊಂದು ನೆಲೆ ಹುಡುಕುವುದು ಕಷ್ಟ. ಮನೆ ಮಾಲೀಕರ ವಿಚಾರಣೆ ‘ನೀವು ವೆಜ್ಜಾ?’ ಎಂಬಲ್ಲಿಗೆ ಮುಗಿಯುತ್ತದೆ. ಪೆನ್ನುಗಳ ಮಡಿ ಮೈಲಿಗೆ ಅಷ್ಟಕ್ಕೇ ಮುಗಿಯದು. ಇಂಕು ತುಂಬಿದ ಫೌಂಟನ್ ಪೆನ್ನು ನಿಬ್ಬು ಮೇಲಾಗಿಯೇ ನಿಲ್ಲಬೇಕು. ತಲೆಕೆಳಗಾದರೆ ಕ್ಯಾಪಿನೊಳಗೆ ಓಕುಳಿ. ಜೆಲ್ ಪೆನ್ನಿಗೆ ಶೀರ್ಷಾಸನವೇ ಹಿತ, ಇಲ್ಲದಿದ್ದರೆ ತುದಿಗೆ ಗಾಳಿ ಸೇರಿ ತೊದಲತೊಡಗುತ್ತದೆ. ಎರಡೂ ತುದಿಯಲ್ಲಿ ಬರೆಯುವ ಬ್ರಷ್ ಪೆನ್ನು ಅನಂತಶಯನ ಬಿಟ್ಟು ಏಳುವಂತಿಲ್ಲ. ಎದ್ದು ನಿಂತರೆ ಇಂಕೆಲ್ಲ ಕೆಳಕ್ಕಿಳಿದು ಮೇಲಿನ ತುದಿಗೆ ಬರಗಾಲ. ಈ ಮೂವರನ್ನೂ ಒಂದೇ ಡಬ್ಬಿಗೆ ತುರುಕಿ ಅದಕ್ಕೆ ಆರ್ಗನೈಸರ್ ಎಂದು ಹೆಸರಿಟ್ಟವನು ಖಂಡಿತ ಬಾಲ್‌ಪೆನ್ನಿನವನೇ ಇರಬೇಕು.

ಅವೆನ್ಯೂ ರಸ್ತೆಯ ಅಂಗಡಿಯಾತ ಕೇಳಿದ: “ಆಫೀಸಿಗಾ ಸಾರ್, ಮಕ್ಕಳಿಗಾ?”

“ನನಗೇ.”

ಒಮ್ಮೆ ಮುಖ ನೋಡಿದ. “ಹಾಗಾದ್ರೆ ಮಕ್ಕಳದ್ದೇ ತೋರಿಸ್ತೀನಿ.”

ಜಾಣ. ಆಫೀಸಿನವೆಂದರೆ ಕಪ್ಪು ತಂತಿಜಾಲರಿಯ ಡಬ್ಬಿಗಳು. ಗುಂಡುಪಿನ್ನಿನ ಮೊನೆ ಜಾಲರಿಯಿಂದ ಹೊರಗಿಣುಕಿ ಬೆರಳಿಗೆ ಚುಚ್ಚುತ್ತದೆ. ನೋಡಿದರೇ ಯಾವುದೋ ಅರ್ಜಿ ಭರ್ತಿ ಮಾಡಬೇಕೆನಿಸುತ್ತದೆ. ಪಾರದರ್ಶಕ ಅಕ್ರಿಲಿಕ್ ಡ್ರಾಯರು ನೋಡಲು ಚೆಂದ, ಆದರೆ ಗೃಹಕಲಹಕ್ಕೆ ದಾರಿ. ಒಂದೇ ನೀಲಿಯ ಹಲವು ಪೆನ್ನುಗಳು ಸಾಲಾಗಿ ಮಲಗಿದ್ದು ಮನೆಯಾಕೆಗೆ ದೂರದಿಂದಲೇ ಕಾಣುತ್ತದೆ. ಒಂದು ಆಕಾಶನೀಲಿ, ಇನ್ನೊಂದು ನವಿಲುನೀಲಿ ಎಂದು ವಾದಿಸಿ ಗೆದ್ದ ಗಂಡಸು ಇನ್ನೂ ಹುಟ್ಟಿಲ್ಲ.

ನನ್ನ ಮತ ಚನ್ನಪಟ್ಟಣದ ಮರದ ಸ್ಟ್ಯಾಂಡಿಗೆ. ಲೇತಿನಲ್ಲಿ ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ; ಮೇಲೆ ಗರಿ ಒತ್ತಿದರೆ ಹೊಳಪು. ಆ ಹಳದಿ, ಆ ಕೆಂಪು ಮೇಜಿನ ಮೇಲಿದ್ದರೆ ಆದಾಯ ತೆರಿಗೆಯ ಕಾಗದಕ್ಕೂ ಜಾತ್ರೆಯ ಕಳೆ. ಕುಂದು ಒಂದೇ: 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲು ಇಟ್ಟರೆ ಹಗುರಾದ ಸ್ಟ್ಯಾಂಡು ಸ್ಕೇಲಿನ ಕಡೆ ವಾಲಿ ಸಾಷ್ಟಾಂಗ ಹಾಕುತ್ತದೆ. ಅದಕ್ಕೆ ಬೀದರಿನ ಬಿದ್ರಿ ಬೇಕು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸಿದ ವಸ್ತು. ಸ್ಕೇಲಿರಲಿ, ದೊಡ್ಡ ಕತ್ತರಿ ಇಟ್ಟರೂ ಕದಲದು. ಆದರೆ ಅಂಥದ್ದರಲ್ಲಿ ಕಚ್ಚಿದ ಪೆನ್ಸಿಲ್ ಇಡಲು ಮನಸ್ಸು ಬಾರದೆ, ಸ್ಟ್ಯಾಂಡಿಗೆ ತಕ್ಕ ಪೆನ್ನು ಹುಡುಕಿ ಮತ್ತೆ ಅವೆನ್ಯೂ ರಸ್ತೆಗೇ ಹೋಗಬೇಕಾಗುತ್ತದೆ.

ಇನ್ನು ಚಿತ್ತಾರದ ಕಾಗದದ ವಾಶಿ ಟೇಪುಗಳು. ಜಪಾನಿನ ಕುರಾಶಿಕಿಯಲ್ಲಿ ಅವನ್ನು ತಯಾರಿಸುವ ಕಾಮೋಯಿ ಎಂಬ ಕಂಪನಿ 1923ರಲ್ಲಿ ಶುರುವಾದದ್ದು ನೊಣ ಹಿಡಿಯುವ ಅಂಟುಕಾಗದಕ್ಕಾಗಿ. ಕಸುಬು ಬದಲಾಗಿದೆಯೆಂದು ನನಗನಿಸುವುದಿಲ್ಲ. ಈಗ ಅಂಟಿಕೊಳ್ಳುವ ನೊಣಗಳು ನಾವು. ಸುರುಳಿಗಳನ್ನು ಪೋಣಿಸಲು ಕಾಗದದ ಟವೆಲ್ ಇಡುವ ಮರದ ಕಂಬ ಸಾಕು, ಅಡುಗೆಮನೆಯಿಂದ ಅದನ್ನು ಎತ್ತಿ ತರುವ ಧೈರ್ಯವಿದ್ದರೆ.

ಕೊನೆಗೆ ಮೇಜಿನ ಡ್ರಾಯರಿಗೇ ಖಾನೆ ಮಾಡಿಸೋಣವೆಂದು ಆಚಾರ್ರನ್ನು ಕರೆಸಿದೆ. ಅಳತೆ ಹಿಡಿದರು, ಕಿವಿಯ ಮೇಲಿದ್ದ ಮೋಟು ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಗೀಚಿಕೊಂಡರು, ಪೆನ್ಸಿಲ್ಲು ಮತ್ತೆ ಕಿವಿಗೆ. ಫೌಂಟನ್, ಜೆಲ್, ಬ್ರಷ್ ಎಂದು ನಾನು ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, “ಅಂಗಡಿ ಇಡ್ತಾ ಇದೀರಾ ಸಾರ್?” ಎಂದರು.

“ಇಲ್ಲ, ಬರೆಯೋಕೆ.”

“ಓ. ಏನೇನು ಬರೆದಿದೀರಿ?”

“ಖಾನೆ ಇನ್ನೆರಡು ಜಾಸ್ತಿ ಇರಲಿ ಆಚಾರ್ರೇ” ಎಂದೆ.