ವೂಫರಪ್ಪನ ಕರೆಂಟು ಲೆಕ್ಕ

ತಾಲ್ಲೂಕು ಕೇಂದ್ರ ಎಂದಮೇಲೆ ಒಂದು ಬಸ್‌ಸ್ಟ್ಯಾಂಡು, ಒಬ್ಬ ತಹಶೀಲ್ದಾರು, ಒಬ್ಬ ವೂಫರಪ್ಪ ಇರಲೇಬೇಕು. ತಹಶೀಲ್ದಾರರಿಗಾದರೂ ವರ್ಗಾವಣೆ ಉಂಟು, ವೂಫರಪ್ಪನಿಗೆ ಅದೂ ಇಲ್ಲ.

ನಮ್ಮ ತಿಪಟೂರಿನ ವೂಫರಪ್ಪನಿಗೆ ಮೂವತ್ತರ ಆಸುಪಾಸು. ಅಪ್ಪನದು ಕೊಬ್ಬರಿ ವ್ಯಾಪಾರ. ಮಗನದು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಪುಟ್ಟ ಕಾರು, ಅದರ ಬೆನ್ನಿಗೆ ಕಾರಿನ ಅರ್ಧ ಬೆಲೆಯ ಸೌಂಡು. ಹೆತ್ತವರು ಇಟ್ಟ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಅವನು ಬೀದಿಗೆ ಬಂದದ್ದು ಮೊದಲು ಗೊತ್ತಾಗುವುದು ಅಡುಗೆಮನೆಯ ಸ್ಟ್ಯಾಂಡಿನಲ್ಲಿರುವ ಸ್ಟೀಲ್ ತಟ್ಟೆಗಳಿಗೆ. ಆಮೇಲೆ ಕಿಟಕಿ ಗಾಜಿಗೆ, ಆಮೇಲೆ ನಮ್ಮ ಎದೆಗೂಡಿಗೆ. ಕಾರು ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ. ಯಾವ ಹಾಡು ಎಂದು ಮಾತ್ರ ಕೇಳಬೇಡಿ. ಹೊರಗಿದ್ದವರಿಗೆ ಕೇಳುವುದು ಧಬ್ ಧಬ್ ಮಾತ್ರ, ಹಿಂದೆ ಬರುವವರಿಗೆ ಅದರ ಜತೆಗೆ ನಂಬರ್ ಪ್ಲೇಟಿನ ಗಲಗಲ. ಅವನು ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದನ್ನು ಕಂಡವರಿಲ್ಲ. ಚರಣ ಶುರುವಾಗುವಷ್ಟರಲ್ಲಿ “ಇದ್ರಲ್ಲಿ ಬೀಟ್ ಇಲ್ಲ ಕಣಣ್ಣ” ಎಂದು ಮುಂದಿನದಕ್ಕೆ ಹಾರುತ್ತಾನೆ. ಕವಿ ಬರೆದದ್ದು, ಗಾಯಕ ಹಾಡಿದ್ದು ಎಲ್ಲ ಅವನ ಪಾಲಿಗೆ ಎರಡು ಧಬ್‌ಗಳ ನಡುವಿನ ಅಡಚಣೆ.

ಕಾರಿಗೆ ಡಿಕ್ಕಿ ಎಂಬುದೊಂದಿತ್ತು, ಈಗ ಅಲ್ಲಿ ವೂಫರಿನ ಪೆಟ್ಟಿಗೆ ಕೂತಿದೆ. ಧರ್ಮಸ್ಥಳಕ್ಕೆ ಹೊರಟರೆ ಅವರಮ್ಮ ಬ್ಯಾಗನ್ನು ತೊಡೆಯ ಮೇಲೆ, ಬುತ್ತಿಯ ಡಬ್ಬಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಶಿರಾಡಿ ಘಾಟಿ ಇಳಿಯಬೇಕು. “ಒಂದು ಚೀಲ ಇಡೋಕೂ ಜಾಗ ಇಲ್ವಲ್ಲೋ” ಅಂದರೆ, “ಬಾಕ್ಸ್ ಮುಂದೆ ಏನೂ ಇಡಬಾರ್ದಮ್ಮ, ಗಾಳಿ ಆಡಬೇಕು” ಅನ್ನುತ್ತಾನೆ. ವೂಫರಿಗೆ ಗಾಳಿ ಆಡುತ್ತದೆ, ಅಮ್ಮನ ಕಾಲು ಹಾಸನ ದಾಟುವಷ್ಟರಲ್ಲಿ ಜೋಮು ಹಿಡಿದಿರುತ್ತದೆ.

ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿಬರದಿದ್ದರೆ ಅವನಿಗೆ ಅನ್ನ ಇಳಿಯದು. ಈಚೆಗೆ ಅಲ್ಲಿಂದ ತಂದ ಆಂಪ್ಲಿಫೈಯರಿನ ಡಬ್ಬಿಯ ಮೇಲೆ 3000 ವ್ಯಾಟ್ ಎಂದು ಬೆಂಕಿಯ ಚಿತ್ರದ ನಡುವೆ ಬರೆದಿತ್ತು. ಹೇಳಿದ ಬೆಲೆಗೆ ಮರುಮಾತಿಲ್ಲದೆ ದುಡ್ಡು ಎಣಿಸಿದ. ಚೌಕಾಶಿ ಮಾಡಿದ್ದು ವೈರಿಗೆ ಮಾತ್ರ. “ಇಷ್ಟೊಂದು ವ್ಯಾಪಾರ ಮಾಡಿದೀನಿ, ವೈರಿಂಗ್ ಕಿಟ್ ಫ್ರೀಯಾಗಿ ಕೊಡಿ ಅಣ್ಣಾ” ಎಂದ. ಕೊಟ್ಟರು. ಹಾಗೆ ಪುಕ್ಕಟೆ ಕೊಡುವ ವೈರು ಎಂಥದಿರುತ್ತದೆ ಎಂಬುದು ವೂಫರಪ್ಪನನ್ನು ಬಿಟ್ಟು ಇಡೀ ರೋಡಿಗೆ ಗೊತ್ತಿತ್ತು.

ಹೊಸ ಸೆಟ್ಟು ಕೂತ ವಾರದಲ್ಲೇ ಕಲ್ಯಾಣಮಂಟಪದ ಮುಂದೆ ಅದರ ಪ್ರದರ್ಶನ ನಡೆಯಿತು. ಆರತಕ್ಷತೆಯ ರಾತ್ರಿ, ಎಂಜಿನ್ ನಿಧಾನಕ್ಕೆ ಓಡುತ್ತಿದೆ, ಎ.ಸಿ. ಹಾಕಿದೆ, ಹೆಡ್‌ಲೈಟು ಉರಿಯುತ್ತಿದೆ. ಒಂದೊಂದು ಧಬ್ಬಿಗೂ ಹೆಡ್‌ಲೈಟು ಮಂಕಾಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಇದೂ ಬಾಗಿಲ ಸೀರಿಯಲ್ ಸೆಟ್ಟಿನ ಭಾಗ ಎಂದುಕೊಂಡು ಗಂಡಿನ ಕಡೆಯ ಹುಡುಗರು ಕಾರಿನ ಮುಂದೆ ನಿಂತು ಕುಣಿದರು. ವೂಫರಪ್ಪ ಬೀಗಿದ. “ನೋಡಣ್ಣ, ಮ್ಯೂಸಿಕ್ಕಿಗೆ ತಕ್ಕಂಗೆ ಲೈಟೂ ಹೊಡೆಯುತ್ತೆ!” ಕಾರು ಪಾಪ ಉಸಿರು ಕಟ್ಟಿ ಒದ್ದಾಡುತ್ತಿತ್ತು, ಒಡೆಯ ಅದನ್ನು ಕುಣಿತ ಎಂದು ಊರಿಗೆಲ್ಲ ತೋರಿಸುತ್ತಿದ್ದ.

ಕೊನೆಗೆ ಕಾರು ಬಿ.ಎಚ್. ರಸ್ತೆಯ ಬ್ಯಾಟರಿ ಅಂಗಡಿಗೆ ಬಂತು. ಅಂಗಡಿಯ ಸಾಬರು ಮಾತು ಕಮ್ಮಿಯ ಮನುಷ್ಯ. ಡಿಕ್ಕಿ ತೆಗೆಸಿದರು. 3000 ವ್ಯಾಟಿನ ಸ್ಟಿಕ್ಕರನ್ನು ಕಣ್ಣೆತ್ತಿಯೂ ನೋಡದೆ ಆಂಪ್ಲಿಫೈಯರಿನ ಪಕ್ಕಕ್ಕೆ ಟಾರ್ಚು ಬಿಟ್ಟರು. ಅಲ್ಲಿ 25 ಆಂಪಿಯರಿನ ಎರಡು ಫ್ಯೂಸು.

“ಇಪ್ಪತ್ತೈದು ಇಪ್ಪತ್ತೈದು ಐವತ್ತು. ಹದಿನಾಲ್ಕು ವೋಲ್ಟ್ ಅಂತಲೇ ಹಿಡಿ, ಇದು ಎಳೆಯೋದೇ ಏಳುನೂರು ವ್ಯಾಟ್ ಕಣಪ್ಪ. ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಮೂರು ಸಾವಿರ ಎಲ್ಲಿಂದ ಬಂತು?”

“ಡಬ್ಬಿ ಮೇಲೆ ಬರೆದಿದೆ ಸಾಬ್ರೆ.”

“ಡಬ್ಬಿ ಮೇಲೆ ಬೆಂಕಿನೂ ಬರೆದಿದಾರೆ. ಅದು ಬೇಕಾದ್ರೆ ನಿಜ ಆಗಬಹುದು.”

ಸಾಬರ ಲೆಕ್ಕ ತಪ್ಪಲ್ಲ. ಹಳೆಯ ಮಾದರಿಯ ಎಬಿ ಕ್ಲಾಸ್ ಆಂಪ್ಲಿಫೈಯರ್ ತಾನು ಎಳೆದ ಕರೆಂಟಿನಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಶಾಖ ಮಾಡಿಬಿಡುತ್ತದೆ, ಡಿ ಕ್ಲಾಸ್ ಆದರೆ ಐದರಲ್ಲೊಂದು ಪಾಲು. ನಿಜಕ್ಕೂ 3000 ವ್ಯಾಟ್ ಹೊರಬರಬೇಕೆಂದರೆ 250 ಆಂಪಿಯರಿಗೂ ಮೇಲೆ ಕರೆಂಟು ಬೇಕು. ಇಂಥ ಪುಟ್ಟ ಕಾರುಗಳ ಆಲ್ಟರ್ನೇಟರು, ಅಂದರೆ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಡೈನಮೋ, ಎಂಜಿನ್ ಜೋರಾಗಿ ತಿರುಗುವಾಗ ಕೊಡುವುದು ಹೆಚ್ಚುಕಮ್ಮಿ 70 ಆಂಪಿಯರ್. ಸಿಗ್ನಲ್ಲಿನಲ್ಲಿ ನಿಂತಾಗ ಅದರ ಅರ್ಧ ಸಿಕ್ಕರೆ ಪುಣ್ಯ. ಅದರಲ್ಲೇ ಹೆಡ್‌ಲೈಟು, ರೇಡಿಯೇಟರ್ ಫ್ಯಾನು, ಎ.ಸಿ. ಬ್ಲೋವರು, ಪೆಟ್ರೋಲ್ ಪಂಪು, ಮಳೆ ಬಂದರೆ ವೈಪರು ಎಲ್ಲವೂ ಆಗಬೇಕು. ವೂಫರಿಗೆ ಉಳಿಯುವುದು ತಟ್ಟೆ ತೊಳೆದ ನೀರು. ಕೊರತೆ ಬಿದ್ದದ್ದನ್ನೆಲ್ಲ ಬ್ಯಾಟರಿಯೇ ತುಂಬಬೇಕು, ಅದು ಸೋತಂತೆ ವೋಲ್ಟೇಜು ಕುಸಿಯುತ್ತದೆ. ಹೆಡ್‌ಲೈಟಿನ ಕುಣಿತದ ಗುಟ್ಟು ಇಷ್ಟೇ.

ಸಾಬರು ಇದನ್ನೇ ವೂಫರಪ್ಪನ ಭಾಷೆಗೆ ಇಳಿಸಿದರು. “ನಿಮ್ಮ ತೋಟದ ಬೋರಲ್ಲಿ ಎಷ್ಟು ನೀರು?”

“ಎರಡಿಂಚು.”

“ಅದಕ್ಕೆ ಇಪ್ಪತ್ತೆಕರೆ ಅಡಿಕೆ ಇಡ್ತೀಯಾ? ಡೈನಮೋ ಅಂದ್ರೆ ಬೋರು. ಬ್ಯಾಟ್ರಿ ಬರೀ ತೊಟ್ಟಿ.”

ವೂಫರಪ್ಪ ಗಲ್ಲ ಕೆರೆದುಕೊಂಡು ಯೋಚಿಸಿದ. ಮುಖ ಅರಳಿತು. “ಹಂಗಾದ್ರೆ ಇನ್ನೊಂದು ತೊಟ್ಟಿ ಕಟ್ಟಿಸಿಬಿಡೋಣ ಸಾಬ್ರೆ!”

ಈ ತಳಿಯ ಗುಣವೇ ಇದು. ಎರಡನೇ ಬ್ಯಾಟರಿ ಇಟ್ಟರೆ ಒಂದಷ್ಟು ಹೊತ್ತು ತಡೆಯುತ್ತದೆ ನಿಜ, ಆದರೆ ಅದನ್ನು ಚಾರ್ಜ್ ಮಾಡಬೇಕಾದದ್ದೂ ಅದೇ ಡೈನಮೋ. ಹೀಗೆಂದು ಸಾಬರು ತಿಳಿಹೇಳುವಷ್ಟರಲ್ಲಿ ಇವನು ಒಂದು ಫ್ಯಾರಡ್ ಕೆಪಾಸಿಟರ್ ತಂದೇಬಿಟ್ಟ. ಫಳಫಳ ಹೊಳೆಯುವ ಕೊಳವೆ, ನೆತ್ತಿಯ ಮೇಲೆ ವೋಲ್ಟೇಜು ತೋರಿಸುವ ನೀಲಿ ಅಂಕಿ. ಒಂದು ಫ್ಯಾರಡ್ ಎಂದರೆ ಕೇಳಲು ಭರ್ಜರಿಯಾಗಿದೆ. ವೋಲ್ಟೇಜು 14ರಿಂದ 12ಕ್ಕೆ ಇಳಿಯುವಾಗ ಅದು ಬಿಟ್ಟುಕೊಡುವ ಶಕ್ತಿ 26 ಜೂಲ್. ಸಾವಿರ ವ್ಯಾಟಿನ ಹಸಿವಿಗೆ ಅದು ಒಂದು ಸೆಕೆಂಡಿನ ನಲವತ್ತನೇ ಒಂದು ಪಾಲಿನ ಊಟ. ತಮಟೆಯ ಒಂದು ಪೆಟ್ಟಿನ ತುದಿಯನ್ನು ತುಸು ನಯ ಮಾಡಿದರೆ ಮಾಡೀತು, ಹಾಡನ್ನು ಸಾಕುವ ತಾಕತ್ತು ಅದಕ್ಕಿಲ್ಲ. ವೂಫರಪ್ಪನಿಗೆ ಅದೆಲ್ಲ ಬೇಡ. ನೀಲಿ ಅಂಕಿ 14.1ರಿಂದ 11.6ಕ್ಕೆ ಬಿದ್ದೆದ್ದು ಬಿದ್ದೆದ್ದು ಕುಣಿಯುವುದನ್ನು ಹಿಂದಿನ ಸೀಟಿನವರಿಗೆಲ್ಲ ತಿರುಗಿಸಿ ತೋರಿಸಿದ. ವೈದ್ಯರು ಮುಖ ಸಿಂಡರಿಸುವ ರಿಪೋರ್ಟನ್ನು ಕಟ್ಟು ಹಾಕಿಸಿ ಗೋಡೆಗೆ ತಗುಲಿಸುವ ಜಾತಿ.

ಪುಕ್ಕಟೆ ವೈರಿನ ಸರದಿ ಆಮೇಲೆ ಬಂತು. ಹೆಬ್ಬೆರಳು ಗಾತ್ರದ ಕೆಂಪು ವೈರು. ಸಾಬರು ತುದಿಯ ರಬ್ಬರು ಸುಲಿದರು, ಒಳಗಿನ ಲೋಹ ಕಿರುಬೆರಳಿಗೂ ಕಡಿಮೆ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದರು. ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ತಾಮ್ರಕ್ಕಿಂತ ಇದು ಕರೆಂಟನ್ನು ಕಡಿಮೆ ಹರಿಯಗೊಡುತ್ತದೆ, ಬಿಸಿಯೂ ಹೆಚ್ಚು. ಅರ್ಥಿಂಗ್ ವೈರನ್ನು ಪೇಂಟಿನ ಮೇಲೇ ಬೋಲ್ಟು ಹಾಕಿ ಬಿಗಿದಿದ್ದರು, ಲೋಹಕ್ಕೆ ಲೋಹ ಸರಿಯಾಗಿ ತಾಗಿರಲಿಲ್ಲ. ಬ್ಯಾಟರಿಯಿಂದ ಹೊರಟ ವೈರು ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಬಳೆ ಇಲ್ಲದೆ ನುಸುಳಿ ಬಂದಿತ್ತು. ಫ್ಯೂಸು ಇತ್ತು, ಆದರೆ ಡಿಕ್ಕಿಯಲ್ಲಿ. ತಗಡಿನ ಅಂಚು ವೈರನ್ನು ಕೊರೆದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರನ್ನು ಒಂದೇ ಏಟಿಗೆ ಸುರಿಯುತ್ತದೆ. ಡಿಕ್ಕಿಯ ಫ್ಯೂಸಿಗೆ ಅದರ ಸುಳಿವೂ ಸಿಗುವುದಿಲ್ಲ. ಫ್ಯೂಸು ಕಾಯಬೇಕಾದದ್ದು ವೈರನ್ನು, ಆದ್ದರಿಂದ ಅದರ ಜಾಗ ಬ್ಯಾಟರಿಯ ಮಗ್ಗುಲು.

ಆಯುಧಪೂಜೆಯ ದಿನ ವೂಫರಪ್ಪ ಕಾರು ತೊಳೆದು, ಬಾಳೆಕಂದು ಕಟ್ಟಿ, ವೂಫರಿಗೂ ಆಂಪ್ಲಿಫೈಯರಿಗೂ ಅರಿಶಿನ ಕುಂಕುಮ ಹಚ್ಚಿದ. ಬ್ಯಾಟರಿಗೆ ಒಂದು ಹೂವೂ ಇಲ್ಲ. ಎಂಜಿನ್ ಆಫ್ ಮಾಡಿ, ನಾಲ್ಕೂ ಬಾಗಿಲು ತೆರೆದು ಬೆಳಗಿನಿಂದ ಹಾಡು ಹಾಕಿದ. 35 ಆಂಪಿಯರ್ ಅವರ್ ಬ್ಯಾಟರಿಯಿಂದ ಸರಾಸರಿ 15, 20 ಆಂಪಿಯರ್ ಎಳೆಯುತ್ತಾ ಹೋದರೆ ಎರಡು ಗಂಟೆ ಕಾಗದದ ಮೇಲಿನ ಮಾತು, ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ಮಂಗಳಾರತಿ ಆಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಕೀ ತಿರುಗಿಸಿದರೆ ಟಕ್ ಟಕ್ ಟಕ್. ಕಾರು ನಿಂಬೆಹಣ್ಣನ್ನು ದಾಟಿದ್ದು ಓಣಿಯ ಹುಡುಗರ ಭುಜಬಲದಿಂದ. ತಳ್ಳುವವರ ಹಿಂದೆ ಅವರಮ್ಮ ಪ್ರಸಾದದ ತಟ್ಟೆ ಹಿಡಿದು ಬರುತ್ತಿದ್ದರು. “ಅದೊಂದು ಪೆಟ್ಟಿಗೆ ಇಳಿಸಿದ್ರೆ ತಳ್ಳೋಕಾದ್ರೂ ಹಗುರ ಆಗ್ತಿತ್ತು” ಅಂದರು.

ಇಷ್ಟಾದರೂ ಅವನ ಮನಸ್ಸು 5000 ವ್ಯಾಟಿನ ಮೇಲಿದೆ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್, ಕಿವಿಗೆ ತುಸು ಜೋರು ಎನಿಸೀತು ಅಷ್ಟೇ. ಸದ್ದು ಇಮ್ಮಡಿಯಾದಂತೆ ಕೇಳಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಅದಕ್ಕೆ ಬದಲು ಕಡಿಮೆ ಕರೆಂಟಿಗೇ ಜೋರಾಗಿ ನುಡಿಯುವ ಸ್ಪೀಕರು, ಅಳತೆಗೆ ಸರಿಯಾಗಿ ಕಟ್ಟಿದ ಪೆಟ್ಟಿಗೆ, ಸುಳ್ಳು ಹೇಳದ 400 ವ್ಯಾಟಿನ ಡಿ ಕ್ಲಾಸ್ ಆಂಪ್ಲಿಫೈಯರ್ ಇದ್ದರೆ ಆ ಪುಟ್ಟ ಕಾರಿಗೆ ಧಾರಾಳವಾಯಿತು. ಡೈನಮೋದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಮೂರು ವೈರುಗಳನ್ನು ದಪ್ಪ ತಾಮ್ರದಲ್ಲಿ ಹಾಕಿಸಿದರೆ ಹೆಡ್‌ಲೈಟಿನ ಕುಣಿತವೂ ಒಂದಷ್ಟು ತಗ್ಗುತ್ತದೆ. ಆದರೆ ಈ ವೈರುಗಳು ಬಾನೆಟ್ಟಿನ ಒಳಗಿರುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ್ದಕ್ಕೆ ದುಡ್ಡು ಹಾಕುವವನು ವೂಫರಪ್ಪ ಹೇಗಾದಾನು?

ಸಾಬರಿಗೆ ಗಿರಾಕಿಯ ನಾಡಿ ಗೊತ್ತು. ಬುದ್ಧಿ ಹೇಳುವುದನ್ನು ಬಿಟ್ಟು, ಬಂಗಾರದ ಬಣ್ಣದ, ಗಾಜಿನಂಥ ಮುಚ್ಚಳದ ಒಂದು ಫ್ಯೂಸ್ ಹೋಲ್ಡರ್ ತಂದು ಮೇಜಿನ ಮೇಲಿಟ್ಟರು. ವೂಫರಪ್ಪ ಬಾಯಿಬಿಟ್ಟು ನೋಡಿದ. ಬೆಲೆ ಕೇಳದೆ ಹಾಕಿಸಿಕೊಂಡ. ಈಗ ಯಾರು ಸಿಕ್ಕರೂ ಬಾನೆಟ್ ಎತ್ತಿ ತೋರಿಸುತ್ತಾನೆ.

ನಿಮ್ಮ ಮನೆಯಲ್ಲೂ ಒಬ್ಬ ವೂಫರಪ್ಪ ಇದ್ದರೆ, ರಾತ್ರಿ ಹತ್ತರ ಮೇಲೆ ವಾಲ್ಯೂಮ್ ಇಳಿಸು ಎಂದು ಗದರಿ ದಣಿಯಬೇಡಿ, ಶಬ್ದಮಾಲಿನ್ಯದ ನಿಯಮ 2000ದಿಂದಲೂ ಇದೆ, ಅವನು ಕೇಳಿಲ್ಲ. ಆಯುಧಪೂಜೆಗೆ ಹೊಳೆಯುವಂಥದೊಂದು ಫ್ಯೂಸ್ ಹೋಲ್ಡರ್ ಕೊಡಿಸಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಅದನ್ನು ಕೂರಿಸಬೇಕು ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ, ಎದುರು ನಿಂತು ಹಾಕಿಸಿ.